ಗೋಡೆಗೆ ಒರಗಿದ ಮಂಚ

ನನ್ನ ಮೊದಲ ರೋವರ್ ಮಗುಚಿ ಬಿದ್ದ ಹೊತ್ತಿಗೆ ಕಲ್ಯಾಣದುರ್ಗದಲ್ಲಿ ಕರೆಂಟ್ ಹೋಗಿತ್ತು. ಲ್ಯಾಪ್‌ಟಾಪ್ ಬ್ಯಾಟರಿಯ ಮೇಲೆ ಓಡುತ್ತಿತ್ತು. ಆರೂ ಚಕ್ರ ಮೇಲೆ ಮಾಡಿಕೊಂಡು ಬಿದ್ದ ಗಾಡಿಯನ್ನು ನಾನೂ ಅಕ್ಕನ ಮಗನೂ ಕತ್ತಲಲ್ಲಿ ನೋಡುತ್ತ ಕೂತಿದ್ದೆವು. "ಮಾವಾ, ಜಿರಲೆ ಸತ್ತಂಗೈತೆ" ಎಂದ.

ಅದು 2020. ಬೆಂಗಳೂರಿನ ಕೆಲಸವನ್ನು ಲ್ಯಾಪ್‌ಟಾಪಿನಲ್ಲೇ ಹೊತ್ತುಕೊಂಡು ಊರಿಗೆ ಬಂದಿದ್ದೆ. ಹುಡುಗನಿಗೆ ಶಾಲೆ ಇರಲಿಲ್ಲ. ಅವನನ್ನು ಸುಮ್ಮನಿರಿಸಲು ತೆಗೆದ ಆಟ ಕರ್ಬಲ್ ಸ್ಪೇಸ್ ಪ್ರೋಗ್ರಾಂ. ಆಮೇಲೆ ಸುಮ್ಮನಿರದವನು ನಾನೇ. ಮೆಕ್ಸಿಕೋದ ಸ್ಕ್ವಾಡ್ ಎಂಬ ಕಂಪನಿ 2011ರಲ್ಲಿ ಅದನ್ನು ಮೊದಲು ಹೊರಬಿಟ್ಟು, 2015ರಲ್ಲಿ ಪೂರ್ತಿ ಆವೃತ್ತಿ ತಂದಿತು. ಅಲ್ಲಿ ಭೂಮಿಯ ಬದಲು ಕರ್ಬಿನ್, ಚಂದ್ರನ ಬದಲು ಮುನ್. ಹೆಸರು ಬೇರೆ, ಎಳೆತ ಸುಳ್ಳಲ್ಲ. ಮುನ್ ಮೇಲೆ ವಸ್ತುವಿನ ತೂಕ ನಮ್ಮ ಚಂದ್ರನ ಮೇಲಿನಂತೆಯೇ ಸುಮಾರು ಆರನೇ ಒಂದು ಪಾಲು.

ರಾಕೆಟ್ ಹಾರಿಸುವುದು, ಲ್ಯಾಂಡರ್ ಇಳಿಸುವುದು ಎರಡು ವಾರದಲ್ಲಿ ಕೈಗೆ ಹತ್ತಿತು. ರೋವರ್ ಕಟ್ಟುವುದಕ್ಕೆ ಎರಡು ತಿಂಗಳು ಹಿಡಿಯಿತು. ತಪ್ಪು ನಾನು ಯೋಚಿಸುತ್ತಿದ್ದ ದಿಕ್ಕಿನಲ್ಲಿತ್ತು. ಶೇಂಗಾ ಮೂಟೆಯನ್ನು ಟ್ರಾಲಿಗೆ ಬಿಗಿಯುವ ಹಾಗೆ, ಬಿದ್ದುಹೋಗದಂತೆ ಹೇಗೆ ಕಟ್ಟಬೇಕು ಎಂಬುದೊಂದೇ ತಲೆಯಲ್ಲಿ. ಬಿಚ್ಚಿದ ಮೇಲೆ ಅದು ಯಾವ ಕಡೆ ಬೀಳುತ್ತದೆ ಎಂದು ಕೇಳಿಕೊಂಡೇ ಇರಲಿಲ್ಲ.

ಮೊದಲು ಲ್ಯಾಂಡರ್‌ನ ನೆತ್ತಿಯ ಮೇಲೆ ಕೂರಿಸಿದೆ. ನಡುವೆ ಡಿಕಪ್ಲರ್. ಸ್ಪೇಸ್‌ಬಾರ್ ಒತ್ತಿದರೆ ಸಿಡಿದು ಎರಡನ್ನೂ ಬೇರೆ ಮಾಡುವ ಬಿಲ್ಲೆ ಅದು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು ಆಡುವ ನಮ್ಮ ಹುಡುಗ ಅದಕ್ಕೆ ‘ಊಡಗೊಟ್ಟೇದಿ’ ಎಂದು ಹೆಸರಿಟ್ಟ; ಕಿತ್ತುಹಾಕುವಂಥದ್ದು ಅಂತ. ಅದರ ಮೇಲೆ ಬಾಣದ ಗುರುತುಗಳಿರುತ್ತವೆ. ಬಾಣ ತೋರಿಸುವ ಕಡೆಯದು ಕಳಚಿಕೊಳ್ಳುತ್ತದೆ, ಬಿಲ್ಲೆ ಇನ್ನೊಂದು ಕಡೆ ಉಳಿಯುತ್ತದೆ. ನಾನು ತಲೆಕೆಳಗಾಗಿ ಹಾಕಿದ್ದೆ. ರೋವರ್ ಚೆಂಡಿನಂತೆ ಮೇಲಕ್ಕೆ ಚಿಮ್ಮಿ, ನಿಧಾನವಾಗಿ ತಿರುಗುತ್ತ ಬಂದು ಅಂಗಾತ ಬಿತ್ತು. ಅದೇ ಆ ಜಿರಲೆ. ನೆಟ್ಟಗೆ ಬಿದ್ದಿದ್ದರೂ ಓಡುತ್ತಿರಲಿಲ್ಲ. ಬಿಲ್ಲೆ ಹೊಟ್ಟೆಯ ಕೆಳಗೇ ಅಂಟಿಕೊಂಡಿತ್ತು, ಚಕ್ರ ನೆಲಕ್ಕೆ ತಾಗುತ್ತಿರಲಿಲ್ಲ. ಡಿಕಪ್ಲರ್ ತಳ್ಳುವ ಬಲವನ್ನು ಕಟ್ಟುವಾಗಲೇ ಸೊನ್ನೆಯವರೆಗೆ ಇಳಿಸಬಹುದು ಎಂದು ತಿಳಿದದ್ದೂ ಆಮೇಲೆಯೇ.

ಸರಿ, ಪಕ್ಕಕ್ಕೆ ಕಟ್ಟೋಣ ಎಂದುಕೊಂಡೆ. ಸೈಕಲ್ಲಿಗೆ ಒಂದೇ ಕಡೆ ಹಾಲಿನ ಕ್ಯಾನ್ ನೇತುಹಾಕಿದಂತಾಯಿತು. ಭಾರದ ಕೇಂದ್ರ ಒಂದು ಕಡೆ, ಎಂಜಿನ್ ನೂಕುವ ಗೆರೆ ಇನ್ನೊಂದು ಕಡೆ. ಎಂಜಿನ್ ಹೊತ್ತಿಸಿದಾಗಲೆಲ್ಲ ಲ್ಯಾಂಡರ್ ವಾಲಿತು. ಎರಡನ್ನು ಗುಡ್ಡಕ್ಕೆ ಬಡಿದೆ. ಪರಿಹಾರ ಹೇಳಿದ್ದು ಹುಡುಗ: "ಆ ಕಡೀಗೂ ಒಂದು ಕಟ್ಟು ಮಾವಾ. ಒಂದು ನಿಂದು, ಒಂದು ನಂದು." ಅವನ ಲೆಕ್ಕ ಪಾಲಿನದು, ಆದರೂ ಭೌತಶಾಸ್ತ್ರಕ್ಕೆ ಸರಿಹೋಯಿತು. ಲ್ಯಾಂಡರ್ ನೆಟ್ಟಗೆ ಇಳಿಯಿತು.

ಇಳಿದ ಮೇಲೆ ಎರಡೂ ಅಂಗಾತ. ಹೊಟ್ಟೆಯನ್ನು ಲ್ಯಾಂಡರ್ ಗೋಡೆಗೆ ಒತ್ತಿ ಕಟ್ಟಿದ್ದೆ. ಚಕ್ರಗಳು ಒಳಮುಖ, ನೋಡಲು ಅಚ್ಚುಕಟ್ಟು. ಬಿಟ್ಟ ಕೂಡಲೇ ಮೂತಿ ನೆಲಕ್ಕೆ ತಾಗಿ ಹೊರಕ್ಕೆ ಉರುಳುತ್ತಿತ್ತು. ಕಾಲು ಉದ್ದ ಮಾಡಿದೆ, ಬಲ ತಗ್ಗಿಸಿದೆ, ಇಳಿಜಾರು ಹುಡುಕಿ ಇಳಿಸಿದೆ. ಏನೂ ಆಗಲಿಲ್ಲ.

ಆ ಸಂಜೆ ಅಮ್ಮ ಅಂಗಳಕ್ಕೆ ಹಗ್ಗದ ಮಂಚ ಹಾಕು ಎಂದಳು. ಹಗಲೆಲ್ಲ ಗೋಡೆಗೆ ಒರಗಿಸಿಡುವ ಮಂಚ. ನಾನು ಎರಡೂ ಕೈಯಲ್ಲಿ ಎತ್ತಿ ತಿರುಗಿಸಲು ಹೋದೆ. "ಎತ್ತಬ್ಯಾಡವೋ, ತಲೆಕಡೆ ಹಿಡಿದು ಈಚೆಗೆ ಎಳಿ, ಅದೇ ನಿಂತ್ಕಂತೈತೆ." ಎಳೆದೆ. ನಿಂತಿತು. ಮಲಗುವ ಮೈ ಗೋಡೆಗೆ, ಕಾಲು ಹೊರಕ್ಕೆ. ಒರಗಿಸುವಾಗಲೇ ಅಮ್ಮ ಹಾಗೆ ಇಟ್ಟಿದ್ದಳು. ಇಷ್ಟು ವರ್ಷ ಅದರ ಮೇಲೆ ಮಲಗಿದ್ದೇನೆ, ಕಂಡಿರಲಿಲ್ಲ.

ಊಟ ಬಿಟ್ಟು ಒಳಗೆ ಹೋದೆ. ರೋವರ್‌ನ ಬೆನ್ನನ್ನು ಲ್ಯಾಂಡರ್‌ಗೆ, ಚಕ್ರಗಳನ್ನು ಹೊರಕ್ಕೆ ತಿರುಗಿಸಿ ಕಟ್ಟಿದೆ. ಡಿಕಪ್ಲರನ್ನು ಮೇಲ್ತುದಿಗೆ ಸರಿಸಿ, ತಲೆಯನ್ನು ಸ್ವಲ್ಪ ನೂಕುವಷ್ಟು ಬಲ ಉಳಿಸಿದೆ. ಮುನ್ ಮೇಲೆ ಎರಡೂ ನಿಧಾನವಾಗಿ ಬಾಗಿ ಚಕ್ರದ ಮೇಲೆ ಕೂತವು. ಹುಡುಗ ಕೂಗಿದ ಕೂಗಿಗೆ ಪಕ್ಕದ ಮನೆಯವರು ಹಾವು ಬಂತೇನೋ ಎಂದು ಓಡಿಬಂದರು.

ಎಷ್ಟೋ ದಿನದ ಮೇಲೆ ಅಪೊಲೊ 15ರ ಬಗ್ಗೆ ಓದುತ್ತಿದ್ದೆ. 1971ರಲ್ಲಿ ಚಂದ್ರನ ಮೇಲೆ ಮೊದಲ ಬಾರಿಗೆ ಮನುಷ್ಯರು ಓಡಿಸಿದ ಆ 210 ಕಿಲೋ ಗಾಡಿಯನ್ನು ಮಡಚಿ, ತಳಭಾಗ ಹೊರಗೆ ಕಾಣುವಂತೆ ಲ್ಯಾಂಡರ್‌ನ ಪಕ್ಕೆಗೆ ಸೇರಿಸಿದ್ದರಂತೆ. ಒಬ್ಬರು ಏಣಿ ಹತ್ತಿ ಕೊಂಡಿ ಬಿಡಿಸಿದರೆ ಇನ್ನೊಬ್ಬರು ಕೆಳಗೆ ನಿಂತು ಪಟ್ಟಿ ಬಿಡುತ್ತ ಇಳಿಸುವುದು. ಅದನ್ನು ಅಮ್ಮನಿಗೆ ಓದಿ ಹೇಳಿದೆ. "ಮತ್ತಿನ್ಯಾಂಗಿಡ್ತಾರೆ?" ಎಂದಳು.

ಓಡಿಸುವುದು ಇನ್ನೊಂದು ಕಥೆ, ಚಿಕ್ಕದಾಗಿ ಹೇಳುತ್ತೇನೆ. ಆ ಆಟದಲ್ಲಿ ಗಾಡಿ ತಿರುಗಿಸುವ ಕೀಲಿಗಳೇ ಮೈ ಹೊರಳಿಸುವ ಕೀಲಿಗಳೂ ಹೌದು. ಎಡಕ್ಕೆ ತಿರುಗಿಸಲು ಹೋಗಿ ಪಲ್ಟಿ ಹೊಡೆಸಿದ್ದು ಲೆಕ್ಕವಿಲ್ಲ. ಸೆಟ್ಟಿಂಗ್‌ನಲ್ಲಿ ಬೇರೆ ಮಾಡಿಕೊಂಡ ಮೇಲೆ ನಿಂತಿತು. ಇನ್ನೊಮ್ಮೆ ಸೌರಫಲಕ ಮರೆತೆ. ಲ್ಯಾಂಡರ್‌ಗೆ ಅಂಟಿಕೊಂಡಿರುವವರೆಗೆ ಅದರ ಕರೆಂಟನ್ನೇ ಕುಡಿಯುತ್ತಿದ್ದ ರೋವರ್, ಬೇರೆಯಾದ ಸ್ವಲ್ಪ ಹೊತ್ತಿಗೇ ಸತ್ತಿತು.

2023ರ ಆಗಸ್ಟ್ 23ರ ಸಂಜೆ 6 ಗಂಟೆ 4 ನಿಮಿಷಕ್ಕೆ ಚಂದ್ರಯಾನ-3ರ ಲ್ಯಾಂಡರ್ ವಿಕ್ರಮ್ ಚಂದ್ರನ ಮೇಲೆ ಇಳಿದಾಗ ನಮ್ಮನೆ ಟಿವಿ ಮುಂದೆ ಬೀದಿಯೇ ನೆರೆದಿತ್ತು. 2019ರ ಸೆಪ್ಟೆಂಬರಿನಲ್ಲಿ ಚಂದ್ರಯಾನ-2ರ ಲ್ಯಾಂಡರ್ ಇಳಿಯಲಾಗದೆ ಹೋದ ಆ ರಾತ್ರಿಯನ್ನು ಯಾರೂ ಮರೆತಿರಲಿಲ್ಲ. ಚಪ್ಪಾಳೆ ತಟ್ಟಿ, ಬೆಲ್ಲ ಹಂಚಿ ಎಲ್ಲರೂ ಎದ್ದುಹೋದರು. ನಾವಿಬ್ಬರು ಏಳಲಿಲ್ಲ. ನಮಗೆ ಎದೆ ಹೊಡೆದುಕೊಳ್ಳಲು ಶುರುವಾದದ್ದೇ ಆಗ. ಹಾರುವಾಗ 1,752 ಕಿಲೋ ಇದ್ದ ಲ್ಯಾಂಡರ್‌ನೊಳಗೆ 26 ಕಿಲೋ ರೋವರ್ ಪ್ರಜ್ಞಾನ್ ಇನ್ನೂ ಕೂತಿತ್ತಲ್ಲ. 2004ರಲ್ಲಿ ಮಂಗಳನ ಮೇಲೆ ನಾಸಾದ ಸ್ಪಿರಿಟ್ ರೋವರಿಗೆ ಸುಕ್ಕುಗಟ್ಟಿದ ಗಾಳಿಚೀಲವೇ ಅಡ್ಡವಾಗಿ, ಅದು ನಿಂತಲ್ಲೇ ತಿರುಗಿ ಬೇರೆ ದಿಕ್ಕಿನಿಂದ ಇಳಿಯಬೇಕಾಯಿತು ಎಂಬುದು ನಮಗೆ ಗೊತ್ತಿತ್ತು. ಬೆಳಿಗ್ಗೆ ಸುದ್ದಿ ಬಂತು, ಆಮೇಲೆ ವಿಡಿಯೋ. ಎರಡು ತುಂಡಿನ ಇಳಿಜಾರು ಹಲಗೆ, ಅದರ ಮೇಲೆ ಸದ್ದಿಲ್ಲದೆ ಇಳಿಯುವ ಆರು ಚಕ್ರ. ಆ ಯಾನದಲ್ಲಿ ಹೀಗೆ ಬಿಚ್ಚುವ, ಬಿಡಿಸುವ ವ್ಯವಸ್ಥೆಗಳೇ 26 ಇದ್ದವಂತೆ, ಬೆಂಗಳೂರಿನ ಯು.ಆರ್. ರಾವ್ ಉಪಗ್ರಹ ಕೇಂದ್ರದಲ್ಲಿ ಮಾಡಿದ್ದು. ಹುಡುಗ ಆ ವಿಡಿಯೋವನ್ನು ಎಷ್ಟು ಸಲ ನೋಡಿದನೋ. "ಹಲಗೆ ಮಾವಾ, ಹಲಗೆ!" ಟ್ರಾಲಿಯಿಂದ ಬೈಕ್ ಇಳಿಸುವಾಗ ನಮ್ಮಪ್ಪ ಇಡುತ್ತಿದ್ದುದೂ ಅದೇ. ಊಡಗೊಟ್ಟೇದಿಯ ಮೋಹದಲ್ಲಿ ನಮಗೆ ಅದು ಹೊಳೆದೇ ಇರಲಿಲ್ಲ.

ಸೆಪ್ಟೆಂಬರ್ 3ರಂದು ವಿಕ್ರಮ್ ಮತ್ತೆ ಎಂಜಿನ್ ಹೊತ್ತಿಸಿ, ಸುಮಾರು 40 ಸೆಂಟಿಮೀಟರ್ ಎದ್ದು, 30-40 ಸೆಂಟಿಮೀಟರ್ ದೂರ ಸರಿದು ಕೂತಿತು. ಅದಕ್ಕೂ ಮುಂಚೆ ಹಲಗೆಯನ್ನು ಮಡಚಿಟ್ಟುಕೊಂಡಿತ್ತು. ಅದನ್ನು ಓದಿದ ರಾತ್ರಿಯೇ ನಾವೂ ಮುನ್ ಮೇಲೆ ನಿಂತಿದ್ದ ಲ್ಯಾಂಡರನ್ನು ಒಂದು ಮೊಳ ಎಬ್ಬಿಸಲು ಹೋದೆವು. ಎದ್ದಿತು, ಸರಿಯಿತು, ಹುಡುಗನ ಪಾಲಿನ ರೋವರ್ ಮೇಲೆ ಹೋಗಿ ಕೂತಿತು.