ಆಶ್ರಯದ ಹಾದಿ ಹರಿಹರದ ಠಾಣೆಯಿಂದಲೇ ಶುರು

ಜೋಗತಿ ಕುಣಿತದ ಕಲಾವಿದೆ ಮಂಜಮ್ಮ ಜೋಗತಿಯವರ ಕಥೆ ಬಲ್ಲವರಿಗೆ ದಾವಣಗೆರೆ ಬಸ್ ನಿಲ್ದಾಣವೂ ಗೊತ್ತಿರುತ್ತದೆ. ಆಗ ಮಂಜಮ್ಮ ಬಳ್ಳಾರಿ ಸೀಮೆಯ ಮನೆ ತೊರೆದು ಬಂದ ಹರೆಯದ ಜೀವ. ಅಲ್ಲಿ ಒಬ್ಬ ತಂದೆ ಹಾಡುತ್ತಿದ್ದ, ಅವನ ಮಗ ತಲೆಯ ಮೇಲೆ ಕೊಡ ಹೊತ್ತು ಕುಣಿಯುತ್ತಿದ್ದ. ಆ ಕುಣಿತವನ್ನು ಅವರು ಮೊದಲು ಕಂಡದ್ದು, ಕಲಿಯಲು ಬೆನ್ನು ಹತ್ತಿದ್ದು ಇದೇ ನಿಲ್ದಾಣದಲ್ಲಿ. 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷೆಯಾದರು, 2021ರಲ್ಲಿ ಪದ್ಮಶ್ರೀ ಬಂತು. ಮಂಜಮ್ಮ ಲಿಂಗತ್ವ ಅಲ್ಪಸಂಖ್ಯಾತರು, ಸಲಿಂಗಿ ಅಲ್ಲ. ಎರಡನ್ನೂ ಕಲಸಿ ಮಾತಾಡುವುದು ನಮ್ಮಲ್ಲಿ ಮಾಮೂಲು, ಅದಕ್ಕೇ ಹೇಳಿದೆ. ಆದರೆ ಮನೆಯಿಂದ ಹೊರಬಿದ್ದವರ ಪಾಡು ಇಬ್ಬರದೂ ಒಂದೇ. ಮಂಜಮ್ಮನವರಿಗೆ ಆಸರೆಯಾದದ್ದು ಕಲೆ. ಇಂದು ಮನೆ ಬಿಟ್ಟ ಸಲಿಂಗಿ ಹುಡುಗನಿಗೆ ಕಾನೂನೂ ಒಂದು ಆಸರೆ. ಅದರ ಬಾಗಿಲು ಎಲ್ಲಿದೆ ಎಂದು ತಿಳಿದವರು ಮಾತ್ರ ಕಡಿಮೆ.

ಅಂಥ ಹುಡುಗರು ಮೊದಲು ಕೇಳುವುದು, "ಹೊರದೇಶದಲ್ಲಿ ಅಸೈಲಮ್ ಸಿಗುತ್ತಾ ಸಾರ್?" ಎಂದು. ಅಸೈಲಮ್ ಎಂದರೆ ಆಶ್ರಯ, ಅದು ಸಿಗಬಹುದು. 1951ರ ನಿರಾಶ್ರಿತರ ಒಪ್ಪಂದಕ್ಕೆ ಸಹಿ ಹಾಕಿದ ಅನೇಕ ದೇಶಗಳು ಸಲಿಂಗಿಗಳನ್ನು ರಕ್ಷಣೆಗೆ ಅರ್ಹರಾದ ಒಂದು ಸಾಮಾಜಿಕ ಗುಂಪೆಂದು ಒಪ್ಪಿವೆ. "ಊರಲ್ಲೇ ಗುಟ್ಟಾಗಿ ಬದುಕಿಕೊಳ್ಳಬಹುದಲ್ಲ" ಎಂದು ಅರ್ಜಿ ತಳ್ಳಿಹಾಕಬಾರದೆಂದು ಬ್ರಿಟನ್ನಿನ ಸುಪ್ರೀಂ ಕೋರ್ಟ್ 2010ರಲ್ಲಿ ಹೇಳಿತು. ಸಲಿಂಗಿ ಎಂದು ಸಾಬೀತುಮಾಡಲು ದೇಹ ಪರೀಕ್ಷೆ, ಖಾಸಗಿ ವಿಡಿಯೊ ಬೇಡವೆಂದು ಯುರೋಪಿಯನ್ ಒಕ್ಕೂಟದ ನ್ಯಾಯಾಲಯ 2014ರಲ್ಲಿ ತೀರ್ಪಿತ್ತಿತು. ಆದರೆ ಸಾಮಾನ್ಯವಾಗಿ ಆ ದೇಶದ ನೆಲ ಮುಟ್ಟಿದ ಮೇಲೇ ಅರ್ಜಿ ಹಾಕಬೇಕು. ಅಮೆರಿಕದಲ್ಲಾದರೆ ಬಂದಿಳಿದ ಒಂದು ವರ್ಷದೊಳಗೆ. "ಇಷ್ಟು ಲಕ್ಷ ಕೊಡಿ, ಎಲ್ಲಾ ನಾನೇ ಮಾಡಿಸ್ತೀನಿ" ಎನ್ನುವ ಏಜೆಂಟರಿಂದ ದೂರವಿರಿ. ಸುಳ್ಳು ದಾಖಲೆ ಸಿಕ್ಕಿಬಿದ್ದರೆ ನಿಜವಾದ ಸಂಕಟವನ್ನೂ ಯಾರೂ ನಂಬುವುದಿಲ್ಲ.

ನಮ್ಮವರ ಅರ್ಜಿಗೆ ಇನ್ನೂ ಎರಡು ತೊಡಕುಗಳಿವೆ. 2018ರ ಸೆಪ್ಟೆಂಬರ್ 6ರಂದು ನವತೇಜ್ ಸಿಂಗ್ ಜೋಹರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ವಯಸ್ಕರ ಒಪ್ಪಿಗೆಯ ಸಲಿಂಗ ಸಂಬಂಧವನ್ನು ಭಾರತೀಯ ದಂಡ ಸಂಹಿತೆಯ 377ನೇ ಕಲಮಿನಿಂದ ಹೊರಗಿಟ್ಟಿತು. ಆಶ್ರಯ ಕೇಳಿದ ದೇಶದ ಅಧಿಕಾರಿ ಮೊದಲು ಅದನ್ನೇ ಎತ್ತುತ್ತಾನೆ: ನಿಮ್ಮ ದೇಶದಲ್ಲಿ ಇದು ಅಪರಾಧವೇ ಅಲ್ಲವಲ್ಲ? ಮನೆಯವರಿಂದ ಭಯವೆಂದರೆ ಪೊಲೀಸರ ಬಳಿ ಹೋದಿರಾ? ಹರಿಹರ ಬೇಡವಾದರೆ ಬೆಂಗಳೂರಿಗೆ ಹೋಗಿ ಬದುಕಲು ಏನಡ್ಡಿ? ಇವಕ್ಕೆ ಬಾಯಿಮಾತಿನ ಉತ್ತರ ಸಾಲದು, ಕಾಗದ ಬೇಕು. ಠಾಣೆಗೆ ಕೊಟ್ಟ ದೂರಿನ ಪ್ರತಿ, ದೂರು ತಲುಪಿತೆಂದು ಠಾಣೆ ಕೊಡುವ ಹಿಂಬರಹ, ಆಸ್ಪತ್ರೆಯ ಗಾಯದ ಪ್ರಮಾಣಪತ್ರ. ಟೊರಾಂಟೊದಲ್ಲಿ ಕೆಲಸಕ್ಕೆ ಬರುವ ಕಾಗದ ಹುಟ್ಟಬೇಕಾದದ್ದು ಹರಿಹರದ ಠಾಣೆಯಲ್ಲಿ.

ಎರಡನೆಯದನ್ನು ಯಾರೂ ಮೊದಲೇ ಹೇಳುವುದಿಲ್ಲ. ಯಾವ ದೇಶದ ಭಯದಿಂದ ಆಶ್ರಯ ಪಡೆದಿರೋ ಅದೇ ದೇಶದ ಪಾಸ್‌ಪೋರ್ಟ್ ನವೀಕರಿಸಿಕೊಂಡು ತಂಗಿಯ ಮದುವೆಗೆ ಬಂದು ಹೋದರೆ, ಸಿಕ್ಕ ಆಶ್ರಯವೇ ಕೈಜಾರಬಹುದು. ಅವ್ವ ಹಾಸಿಗೆ ಹಿಡಿದಾಗಲೂ ಬರಲು ಆಗದಿರಬಹುದು. ಅಸೈಲಮ್ ಕೊನೆಯ ಬಾಗಿಲು ಎಂದು ನಾನು ಹೇಳುವುದು ಇದಕ್ಕೇ.

ಹತ್ತಿರದ ಬಾಗಿಲು ನೋಡೋಣ. ಹದಿನೆಂಟು ತುಂಬಿದವರು ಎಲ್ಲಿ, ಯಾರ ಜೊತೆ ಇರಬೇಕೆಂಬುದು ಅವರದೇ ತೀರ್ಮಾನ. ಮನೆ ಬಿಟ್ಟ ಮರುದಿನ ಅಪ್ಪ "ಮಗ ಕಾಣೆಯಾಗಿದ್ದಾನೆ" ಎಂದು ದೂರು ಕೊಡುತ್ತಾರೆ. ಕೆಲವು ಮನೆಗಳಲ್ಲಿ "ಬಂಗಾರ ಕದ್ದೊಯ್ದ" ಎಂಬುದೂ ಸೇರುತ್ತದೆ. ಆದ್ದರಿಂದ ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಆಧಾರ್, ಪಾಸ್‌ಬುಕ್ ನಿಮ್ಮವು, ತಗೊಳ್ಳಿ. ಮನೆಯ ಒಡವೆ ಮುಟ್ಟಬೇಡಿ. "ನಾನು ವಯಸ್ಕ, ಸ್ವಂತ ಇಚ್ಛೆಯಿಂದ ಹೊರಟಿದ್ದೇನೆ, ಜೀವಭಯವಿದೆ" ಎಂದು ಬರೆದು, ಅಂಕಪಟ್ಟಿಯ ನಕಲು ಲಗತ್ತಿಸಿ, ಠಾಣೆಗೂ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೂ ಸ್ಪೀಡ್ ಪೋಸ್ಟ್ ಮಾಡಿ, ರಸೀದಿ ಜೋಪಾನವಾಗಿಡಿ.

ಹರಿಹರದವರಿಗೆ ಹೊಳೆಯದೊಂದು ಪೇಚು. ತುಂಗಭದ್ರೆಯ ಸೇತುವೆ ದಾಟಿ ಕುಮಾರಪಟ್ಟಣಕ್ಕೆ ಹೋದರೆ ಅದು ಹಾವೇರಿ ಜಿಲ್ಲೆ. ಹೊಡೆತ ಬಿದ್ದದ್ದು ಆಚೆ ದಡದಲ್ಲಾದರೆ "ನಮ್ಮ ಸರಹದ್ದಲ್ಲ, ಅಲ್ಲಿಗೆ ಹೋಗಪ್ಪ" ಎನ್ನಿಸಿಕೊಳ್ಳಬೇಕಾದೀತು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನಂತೆ, ಪೊಲೀಸರೇ ಎಫ್‌ಐಆರ್ ಹಾಕಬಹುದಾದ ಅಪರಾಧಕ್ಕೆ ಎಲ್ಲಿ ನಡೆದರೂ ಯಾವ ಠಾಣೆಯಲ್ಲಾದರೂ ಮಾಹಿತಿ ಕೊಡಬಹುದು. ಜೀರೋ ಎಫ್‌ಐಆರ್ ಎನ್ನುವುದು ಇದನ್ನೇ. ಪ್ರತಿಯನ್ನು ಪುಕ್ಕಟೆ ಕೊಡಬೇಕು. ದಾಖಲಿಸದಿದ್ದರೆ ಎಸ್‌ಪಿಗೆ ಬರೆಯಿರಿ, ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಬಳಿ ಹೋಗಿ. ಹೈಕೋರ್ಟಿಗೆ ಹೋಗುವಾಗಲೂ ಹೊಳೆ ಅಡ್ಡ ಬರುತ್ತದೆ: ದಾವಣಗೆರೆ ಜಿಲ್ಲೆಗೆ ಬೆಂಗಳೂರಿನ ಪೀಠ, ಹಾವೇರಿಗೆ ಧಾರವಾಡದ ಪೀಠ.

ಸಂಗಾತಿಯನ್ನು ಮನೆಯವರು ಕೂಡಿಹಾಕಿದರೆ ಅವರನ್ನು ಕೋರ್ಟಿಗೆ ಹಾಜರುಪಡಿಸಿ ಎಂದು ಕೇಳುವ ಹೇಬಿಯಸ್ ಕಾರ್ಪಸ್ ಅರ್ಜಿ ಹಾಕಬಹುದು. 2024ರ ಮಾರ್ಚ್ 11ರಂದು ದೇವು ಜಿ. ನಾಯರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಎಲ್ಲ ನ್ಯಾಯಾಲಯಗಳಿಗೂ ಮಾರ್ಗಸೂಚಿ ಕೊಟ್ಟಿದೆ. ಇಂಥ ಅರ್ಜಿಗಳಿಗೆ ಆದ್ಯತೆ ಇರಬೇಕು. ಅರ್ಜಿದಾರ ಸಂಗಾತಿಯೋ ಸ್ನೇಹಿತನೋ ಎಂದು ಕೆದಕುತ್ತ ಕೂರಬಾರದು. ಕೂಡಿಹಾಕಿದವರನ್ನು ಮನೆಯವರಿಲ್ಲದೆ ಪ್ರತ್ಯೇಕವಾಗಿ ಮಾತಾಡಿಸಬೇಕು. ಕೌನ್ಸೆಲಿಂಗ್ ಹೆಸರಲ್ಲಿ ಮನಸ್ಸು ತಿರುಗಿಸಲು ಹೋಗಬಾರದು. ಮನೆಯವರ ಹಿಂಸೆಗೆ ಸಿಕ್ಕ ಹುಡುಗಿಗೆ 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆ ಇದೆ. ಹುಡುಗನಿಗೆ ಅದಿಲ್ಲ, ಹಲ್ಲೆ, ಅಕ್ರಮ ಬಂಧನದ ಕಲಮುಗಳೇ ಅವನಿಗೆ ಗತಿ. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯಲ್ಲಿ 377 ಇಲ್ಲ. ಗಂಡಸಿನ ಮೇಲೆ ನಡೆಯುವ ಅತ್ಯಾಚಾರಕ್ಕೂ ಇದ್ದದ್ದು ಅದೇ ಕಲಮು, ಆ ರಕ್ಷಣೆಯೂ ಹೋಯಿತು. ಇದು ಶಾಸಕಾಂಗದ ದೊಡ್ಡ ಲೋಪ. ಡೇಟಿಂಗ್ ಆ್ಯಪಿನಲ್ಲಿ ಕರೆಸಿ, ಫೋಟೊ ತೆಗೆದು, "ಮನೆಗೆ ಹೇಳ್ತೀವಿ" ಎಂದು ದುಡ್ಡು ಕೀಳುವುದು ಸುಲಿಗೆ, ಅದೇ ಸಂಹಿತೆಯ 308ನೇ ಕಲಮು. ಅಲ್ಲಿ ಅಪರಾಧಿ ನೀವಲ್ಲ.

"ಡಾಕ್ಟರ ಹತ್ರ ತೋರಿಸಿದರೆ ಸರಿಹೋಗ್ತಾನೆ" ಎನ್ನುವ ಅಪ್ಪ ಅವ್ವಂದಿರಿಗೆ ಒಂದು ಮಾತು. ಇದು ರೋಗವಲ್ಲ. 'ಬದಲಿಸುವ' ಚಿಕಿತ್ಸೆ ವೈದ್ಯರ ವೃತ್ತಿ ದುರ್ನಡತೆ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲೇ ಸಾರಿದೆ. ಬಲವಂತವಾಗಿ ಆಸ್ಪತ್ರೆಗೆ ಸೇರಿಸಿಯಾರೆಂಬ ಅಂಜಿಕೆ ಇದ್ದವರು 2017ರ ಮಾನಸಿಕ ಆರೋಗ್ಯ ಕಾಯ್ದೆಯ 14ನೇ ಕಲಮಿನಂತೆ, ಬಿಳಿ ಹಾಳೆಯಲ್ಲಿ ಬರೆದು ಸಹಿ ಮಾಡಿ, ನಂಬಿಕೆಯ ವಯಸ್ಕರೊಬ್ಬರನ್ನು ಪ್ರತಿನಿಧಿಯಾಗಿ ನೇಮಿಸಿಡಬಹುದು. ರಕ್ತಸಂಬಂಧಿಯೇ ಆಗಬೇಕಿಲ್ಲ. ಇನ್ನು "ಮದುವೆ ಮಾಡಿದರೆ ಸರಿಹೋಗ್ತಾನೆ" ಎನ್ನುವವರು, ಮನೆಗೆ ಬರುವ ಆ ಹುಡುಗಿಯ ಮುಖ ಒಮ್ಮೆ ನೆನೆಯಲಿ.

ಆಸ್ತಿಯ ಹೆದರಿಕೆಯೂ ಕೇಳಿಬರುತ್ತದೆ. ಹಿಂದೂ ಕುಟುಂಬದ ಪಿತ್ರಾರ್ಜಿತದಲ್ಲಿ ಮಗನ, ಮಗಳ ಪಾಲು ಅವರು ಯಾರನ್ನು ಪ್ರೀತಿಸಿದರೆಂಬ ಕಾರಣಕ್ಕೆ ಕಳೆಯುವುದಿಲ್ಲ. ಸ್ವಯಾರ್ಜಿತವನ್ನು ಅಪ್ಪ ಬೇಕಾದವರಿಗೆ ಬರೆಯಬಹುದು. ಸಂಗಾತಿ ಮಾತ್ರ ಕಾನೂನಿನ ಕಣ್ಣಲ್ಲಿ ವಾರಸುದಾರನಲ್ಲ. ಸಲಿಂಗ ಮದುವೆಗೆ ಸುಪ್ರೀಂ ಕೋರ್ಟ್ 2023ರ ಅಕ್ಟೋಬರ್ 17ರಂದು ಮಾನ್ಯತೆ ಕೊಡಲಿಲ್ಲ. ಜಂಟಿ ಬ್ಯಾಂಕ್ ಖಾತೆ ತೆರೆಯಲು, ಸಂಗಾತಿಯನ್ನು ನಾಮಿನಿ ಮಾಡಲು ಅಡ್ಡಿಯಿಲ್ಲವೆಂದು ಹಣಕಾಸು ಸಚಿವಾಲಯ 2024ರ ಆಗಸ್ಟ್ 28ರಂದು ಸ್ಪಷ್ಟಪಡಿಸಿದೆ. ಆದರೆ ನಾಮಿನಿ ಹಣ ಪಡೆಯುವವನಷ್ಟೆ, ಒಡೆಯನಲ್ಲ. ಉಯಿಲು ಬರೆದಿಡಿ. ಛಾಪಾ ಕಾಗದ ಬೇಡ, ಇಬ್ಬರು ಸಾಕ್ಷಿಗಳು ಸಾಕು.

ಮನೆಯವರು ಒಪ್ಪುವಂತೆ ಯಾವ ಕೋರ್ಟೂ ಆದೇಶ ಕೊಡಲಾರದು. ಆದರೆ ಒಪ್ಪಿದವರು ಇದ್ದಾರೆ. 'ಸ್ವೀಕಾರ್' ಎಂಬ ಪೋಷಕರ ಬಳಗದ ನಾನೂರಕ್ಕೂ ಹೆಚ್ಚು ತಂದೆತಾಯಂದಿರು 2023ರಲ್ಲಿ, ನಮ್ಮ ಮಕ್ಕಳಿಗೂ ಮದುವೆಯ ಹಕ್ಕು ಕೊಡಿ ಎಂದು ಮುಖ್ಯ ನ್ಯಾಯಮೂರ್ತಿಗೆ ಪತ್ರ ಬರೆದರು.

ದಾವಣಗೆರೆ ನ್ಯಾಯಾಲಯದಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವಿದೆ, ಹರಿಹರದಲ್ಲಿ ತಾಲ್ಲೂಕು ಸಮಿತಿ ಇದೆ. ಮಹಿಳೆಯರು, ಪರಿಶಿಷ್ಟರು, ಬಂಧನದಲ್ಲಿರುವವರು ಮೊದಲಾದ ಕೆಲವರಿಗೆ ಆದಾಯ ನೋಡದೆ ವಕೀಲರನ್ನು ಕೊಡುತ್ತಾರೆ, ಉಳಿದವರಿಗೆ ಆದಾಯದ ಮಿತಿ ಇದೆ. ಕಾನೂನು ನೆರವಿಗೆ 15100, ಜೀವಕ್ಕೆ ಅಪಾಯವಿದ್ದರೆ 112, ಮನಸ್ಸು ಕುಸಿದಾಗ 14416. ದೂರನ್ನು ಕನ್ನಡದಲ್ಲೇ ಬರೆಯಿರಿ, ಹಿಂಬರಹ ಕೈಗೆ ಬಾರದೆ ಠಾಣೆಯ ಮೆಟ್ಟಿಲು ಇಳಿಯಬೇಡಿ.