ಸಿಮೆಂಟಿನ ಗೂಡಿಗೆ ವಿದ್ಯುತ್ತಿನ ಜ್ವಾಲೆ

ಜ್ವಾಲೆಯೆಂದರೆ ಏನಾದರೊಂದು ಉರಿಯಲೇಬೇಕೆಂಬುದು ನಮ್ಮೆಲ್ಲರ ತಿಳಿವಳಿಕೆ. ಪ್ಲಾಸ್ಮಾ ಟಾರ್ಚಿನಲ್ಲಿ ಉರಿಯುವುದು ಏನೂ ಇಲ್ಲ. ಎರಡು ವಿದ್ಯುದ್ವಾರಗಳ ನಡುವೆ ವಿದ್ಯುತ್ತಿನ ಕಮಾನನ್ನು ಹೊತ್ತಿಸಿ, ಅದರ ಮೂಲಕ ಅನಿಲವನ್ನು ಹಾಯಿಸಿದರೆ ಸಾವಿರಾರು ಡಿಗ್ರಿ ಶಾಖದ ಜ್ವಾಲೆ ಹೊಮ್ಮುತ್ತದೆ.

ಸಿಮೆಂಟಿಗೆ ಇದರಿಂದೇನು ಪ್ರಯೋಜನ? ಸುಣ್ಣಕಲ್ಲನ್ನೂ ಜೇಡಿಮಣ್ಣನ್ನೂ ಸುಮಾರು 1450 ಡಿಗ್ರಿ ಸೆಂಟಿಗ್ರೇಡಿಗೆ ಕಾಯಿಸಿದರೆ ಕ್ಲಿಂಕರ್ ದೊರೆಯುತ್ತದೆ. ಅದಕ್ಕಾಗಿ ಕಲ್ಲಿದ್ದಲಿನಂಥ ಇಂಧನವನ್ನು ಸುಡುತ್ತಾರೆ. ಆದರೆ ಗೂಡಿನಿಂದ ಹೊರಡುವ ಇಂಗಾಲಾಮ್ಲದಲ್ಲಿ ಇಂಧನದ ಪಾಲು ಸುಮಾರು ಶೇಕಡಾ 40 ಮಾತ್ರ. ಉಳಿದುದನ್ನು ಬೇಯುವ ಸುಣ್ಣಕಲ್ಲೇ ಬಿಡುತ್ತದೆ. ಆದುದರಿಂದ ಇಂಧನವನ್ನು ಕೈಬಿಟ್ಟ ಮಾತ್ರಕ್ಕೆ ಸಮಸ್ಯೆ ತೀರದು. ಪ್ಲಾಸ್ಮಾದ ಹೆಚ್ಚಳವಿರುವುದು ಇಲ್ಲಿ: ಟಾರ್ಚಿಗೆ ಇಂಗಾಲಾಮ್ಲವನ್ನೇ ಹಾಯಿಸಿದರೆ, ಗಾಳಿಯ ಸಾರಜನಕ ಬೆರೆಯದೆ, ಹೊರಬರುವ ಅನಿಲವು ಬಹುಮಟ್ಟಿಗೆ ಶುದ್ಧ ಇಂಗಾಲಾಮ್ಲವಾಗಿರುತ್ತದೆ. ಅದನ್ನು ಹಿಡಿದಿಡುವುದು ಸುಲಭ.

ಸ್ವೀಡನ್ನಿನ ಸಿಮೆಂಟಾ ಮತ್ತು ವಾಟೆನ್‌ಫಾಲ್ ಸಂಸ್ಥೆಗಳು 2017ರಲ್ಲಿ ಆರಂಭಿಸಿದ ‘ಸೆಮ್‌ಜೀರೋ’ ಅಧ್ಯಯನವು ಇದನ್ನೇ ಪರಿಶೀಲಿಸಿತು. ವಿದ್ಯುತ್ತಿನಿಂದ ಸಿಮೆಂಟು ಮಾಡುವುದು ಸಾಧ್ಯ, ಆದರೆ ಉತ್ಪಾದನಾ ವೆಚ್ಚ ಸುಮಾರು ಇಮ್ಮಡಿಯಾದೀತೆಂದು 2019ರಲ್ಲಿ ವರದಿ ಬಂದಿತು.

ನನ್ನ ತಂದೆಯವರು ಕಲಬುರಗಿ ಜಿಲ್ಲೆಯ ಸಿಮೆಂಟ್ ಕಾರ್ಖಾನೆಯೊಂದರಲ್ಲಿ ಕಲ್ಲಿದ್ದಲು ಇಳಿಸುವ ಕೂಲಿಗಾರರು. ಇದನ್ನು ಓದಿ ಹೇಳಿದಾಗ ಅವರು ಕೇಳಿದರು: “ಆ ಕರೆಂಟ್ ಎಲ್ಲಿಂದ ತರ್ತಾರ? ನಮಗೇನು ಕೆಲಸ ಕೊಡ್ತಾರ?”

ಮೊದಲನೆಯ ಪ್ರಶ್ನೆಗೆ ಉತ್ತರವುಂಟು. ಕಲ್ಲಿದ್ದಲಿನಿಂದಲೇ ವಿದ್ಯುತ್ತನ್ನು ತಯಾರಿಸಿ ತಂದರೆ ಹೊಗೆಯು ಊರು ಬದಲಿಸಿದಂತಾಯಿತು, ಅಷ್ಟೆ. ಶರಾವತಿಯ ನೀರು, ಪಾವಗಡದ ಬಿಸಿಲು ಮೊದಲಾದ ಮೂಲಗಳಿಂದಲೇ ಅದು ಬರಬೇಕು. ಎರಡನೆಯ ಪ್ರಶ್ನೆಗೆ ಯಾವ ಟಾರ್ಚೂ ಉತ್ತರ ಕೊಡಲಾರದು. ವಿದ್ಯಾವಂತರಾದ ನಾವೇ ಕೊಡಬೇಕು.