ಕಾರಿನ ಹಳದಿ ದೀಪ


ಕಬ್ಬಿನ ಎಲೆ ಹಳದಿಯಾದೊಡನೆ ಯೂರಿಯಾ ಎರಚುವವರಿದ್ದಾರೆ. ಕಾರಣ ಕಬ್ಬಿಣಾಂಶದ ಕೊರತೆಯಿರಬಹುದು, ನಿಂತ ನೀರಿರಬಹುದು, ಗೊಣ್ಣೆಹುಳುವೂ ಇರಬಹುದು. ಕಾರಿನ ಇಂಜಿನ್ ದೀಪದ ಮಾತೂ ಹಾಗೆಯೇ.

ಈಚಿನ ಕಾರುಗಳಲ್ಲಿ ಸ್ಟಿಯರಿಂಗಿನ ಕೆಳಗೆ 16 ಪಿನ್ನಿನ ಕಿಂಡಿಯುಂಟು. ಅದಕ್ಕೆ ಚಿಕ್ಕ ಸ್ಕ್ಯಾನರ್ ಸಿಕ್ಕಿಸಿ ಚಾವಿ ತಿರುವಿದರೆ ದೋಷದ ಸಂಕೇತ ಕಾಣುತ್ತದೆ. ಅದು ಹೇಳುವುದು ಲಕ್ಷಣವನ್ನು, ಕೆಟ್ಟ ಭಾಗವನ್ನಲ್ಲ. ಪಿ 0562 ಎಂದರೆ ವೋಲ್ಟೇಜ್ ಕಡಿಮೆ ಎಂದಷ್ಟೇ. ಹೊಸ ಬ್ಯಾಟರಿಗೆ ಹಣ ಸುರಿಯುವ ಮುನ್ನ ತುದಿಗಳ ಬಿಳಿ ಹೂ ತೆಗೆಯಿರಿ. ಋಣ ತುದಿಯನ್ನು ಮೊದಲು ಬಿಚ್ಚಿ, ಕೊನೆಗೆ ಬಿಗಿಯಬೇಕು. ಬಳಿಕ ಮಲ್ಟಿಮೀಟರ್ ಹಿಡಿಯಿರಿ. ರಾತ್ರಿಯಿಡೀ ನಿಂತ ಕಾರಿನಲ್ಲಿ ಸುಮಾರು 12.6 ವೋಲ್ಟ್ ಇರಬೇಕು. ಇಂಜಿನ್ ನಡೆಯುವಾಗ ಸಾಮಾನ್ಯವಾಗಿ 14ರ ಆಸುಪಾಸು. ದೀಪ ಹಚ್ಚಿದರೂ ಏರದಿದ್ದರೆ ಆಲ್ಟರ್ನೇಟರ್, ಅದರ ಬೆಲ್ಟು, ವೈರುಗಳನ್ನು ನೋಡಿಸಿ.

ಸಂಕೇತವನ್ನು ಬರೆದುಕೊಳ್ಳದೆ ಅಳಿಸಬೇಡಿ. ಅಳಿಸಿದರೆ ದೀಪ ಆರೀತು, ದೋಷ ಹೋಗದು. ಅದೇ ದೀಪ ಮಿನುಗತೊಡಗಿದರೆ ಮಾತ್ರ ಗಾಡಿ ಓಡಿಸಕೂಡದು. ಇಂಜಿನ್ನಿನಲ್ಲಿ ಉರಿಯದ ಪೆಟ್ರೋಲು ಸೈಲೆನ್ಸರಿನ ದಾರಿಯಲ್ಲಿ ಉರಿದು, ದುಬಾರಿಯಾದ ಕ್ಯಾಟಲಿಟಿಕ್ ಕನ್ವರ್ಟರನ್ನು ಹಾಳುಮಾಡುತ್ತದೆ.

ನಮ್ಮ ಹಳೆಯ ಟ್ರ್ಯಾಕ್ಟರುಗಳಿಗೆ ಈ ಕಿಂಡಿಯಿಲ್ಲ. ಅವುಗಳ ಬ್ಯಾಟರಿಗೆ ಮೀಟರೇ ಸಾಕು.